ತೋಟದ ಮನೆಗೆ ಸ್ಯಾಟಲೈಟ್ ಇಂಟರ್ನೆಟ್: ಡೇ ಟ್ರೇಡಿಂಗ್‌ಗೆ ಅಂತಾದರೆ ಮೊದಲು ಈ ಲೆಕ್ಕ ಹಾಕಿ

"ಸರ್, ನಮ್ಮನೇಲಿ ನೆಟ್‌ವರ್ಕ್ ಇಲ್ಲ. ಸ್ಯಾಟಲೈಟ್ ಇಂಟರ್ನೆಟ್ ಹಾಕಿಸಿಕೊಂಡ್ರೆ ಮನೆಯಿಂದ್ಲೇ ಟ್ರೇಡಿಂಗ್ ಮಾಡಬಹುದಾ?" ಕೊಳೆ ರೋಗ, ಜೀವಾಮೃತ, ಕಾಳುಮೆಣಸಿನ ಸೊರಗು ರೋಗದ ಪ್ರಶ್ನೆಗಳ ನಡುವೆ ಈಗ ಇಂಥ ಪ್ರಶ್ನೆಗಳೂ ಬರುತ್ತಿವೆ. ಕೇಳುವವರು ಹೆಚ್ಚಾಗಿ ಮಲೆನಾಡಿನ ಹುಡುಗರು. ಓದಿದ್ದಾರೆ, ಊರಿಗೆ ವಾಪಸ್ ಬಂದಿದ್ದಾರೆ, ತೋಟ ಇದೆ. ಆದರೆ ಮನೆ ಇರೋದು ಕಣಿವೆಯಲ್ಲಿ. ಫೋನ್ ಮಾಡಬೇಕಂದ್ರೆ ಗುಡ್ಡ ಹತ್ತಬೇಕು.

ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಆ ಇಂಟರ್ನೆಟ್‌ನಲ್ಲಿ ಟ್ರೇಡಿಂಗ್ ಆ್ಯಪ್ ಸರಿಯಾಗಿ ನಡೆಯುತ್ತಾ ಅನ್ನೋದು ಒಂದು. ನಡೆದರೆ ದುಡ್ಡು ಆಗುತ್ತಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಬಹುಮಟ್ಟಿಗೆ ಹೌದು. ಎರಡನೆಯದನ್ನು ಕೂತು ಲೆಕ್ಕ ಹಾಕಬೇಕು. ನಾನು ಸೆಬಿ ನೋಂದಾಯಿತ ಸಲಹೆಗಾರ ಅಲ್ಲ, ಯಾವ ಷೇರು ಕೊಳ್ಳಬೇಕು ಅಂತ ಹೇಳೋದಿಲ್ಲ. ಇಲ್ಲಿರೋದು ಖರ್ಚು-ಆದಾಯದ ಲೆಕ್ಕ ಮಾತ್ರ.

ಡಿಶ್ ತರಿಸೋ ಮೊದಲು

ಸ್ಟಾರ್‌ಲಿಂಕ್‌ಗೆ ನಮ್ಮ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ, ಇನ್‌ಸ್ಪೇಸ್ ಅನುಮತಿ ಸಿಕ್ಕಿದ್ದು ಅದರ ಮರುತಿಂಗಳು. ಒನ್‌ವೆಬ್ ಮತ್ತು ಜಿಯೋದ ಉಪಗ್ರಹ ಕಂಪನಿಗೆ ಅದಕ್ಕೂ ಮೊದಲೇ ಪರವಾನಗಿ ಇದೆ. ಪರವಾನಗಿ ಸಿಗೋದು ಬೇರೆ, ನಿಮ್ಮ ಪಿನ್‌ಕೋಡ್‌ಗೆ ಸೇವೆ ಬರೋದು ಬೇರೆ. ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ, ಅಲ್ಲಿ ಸೇವೆ ಇದೆ ಅಂತ ಬಂದರೆ ಮಾತ್ರ ಮುಂದುವರಿಯಿರಿ. 2021ರಲ್ಲಿ ಪರವಾನಗಿ ಸಿಗುವ ಮೊದಲೇ ಸ್ಟಾರ್‌ಲಿಂಕ್ 99 ಡಾಲರ್ ಮುಂಗಡ ತೆಗೆದುಕೊಂಡಿತ್ತು. ಆ ವರ್ಷದ ನವೆಂಬರ್‌ನಲ್ಲಿ ಸರ್ಕಾರವೇ ಜನರಿಗೆ ಎಚ್ಚರಿಕೆ ಕೊಟ್ಟಿತು, ಕಂಪನಿ ಆ ಹಣ ವಾಪಸ್ ಕೊಡಬೇಕಾಯಿತು. ದುಬೈನಿಂದ ಯಾರೋ ತಂದುಕೊಡ್ತಾರೆ ಅನ್ನೋ ಡಿಶ್ ಮಾತ್ರ ಬೇಡವೇ ಬೇಡ. ಪರವಾನಗಿ ಇಲ್ಲದ ಉಪಗ್ರಹ ಉಪಕರಣ ಇಟ್ಟುಕೊಳ್ಳೋದು ಅಪರಾಧ.

ಬೆಲೆ ಬಗ್ಗೆಯೂ ಒಂದು ಮಾತು. ತಿಂಗಳಿಗೆ 8,600, ಡಿಶ್‌ಗೆ 34,000 ಅಂತ ಒಂದು ಸ್ಕ್ರೀನ್‌ಶಾಟ್ ವಾಟ್ಸ್ಆ್ಯಪ್‌ನಲ್ಲಿ ಓಡಾಡಿತ್ತು. ಅದು 2025ರ ಡಿಸೆಂಬರ್‌ನಲ್ಲಿ ಕಂಪನಿಯ ವೆಬ್‌ಸೈಟ್‌ನಲ್ಲಿ ತಪ್ಪಾಗಿ ಕಾಣಿಸಿಕೊಂಡ ಪರೀಕ್ಷಾ ಮಾಹಿತಿ ಅಂತ ಕಂಪನಿಯೇ ಹೇಳಿತು. ಹಾಗಾಗಿ ನನ್ನ ಲೆಕ್ಕದಲ್ಲಿ ಆ ಅಂಕಿ ಹಿಡಿದಿಲ್ಲ.

ಎಷ್ಟು ವೇಗ ಸಾಕು?

"ಸ್ಯಾಟಲೈಟ್ ನೆಟ್ ನಿಧಾನ" ಅನ್ನೋ ಮಾತು ಹಳೇ ಉಪಗ್ರಹಗಳ ಕಾಲದ್ದು. ಅವು ಭೂಮಿಯಿಂದ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ಒಂದೇ ಜಾಗದ ಮೇಲೆ ನಿಂತಂತೆ ಇರುತ್ತವೆ. ನಿಮ್ಮ ಆರ್ಡರ್ ಮೇಲೆ ಹೋಗಿ ಕೆಳಗಿಳಿದು, ಉತ್ತರ ಮತ್ತೆ ಮೇಲೆ ಹೋಗಿ ಕೆಳಗೆ ಬರಬೇಕು. ಒಟ್ಟು ಸುಮಾರು 1.43 ಲಕ್ಷ ಕಿಲೋಮೀಟರ್. ಬೆಳಕಿನ ವೇಗದಲ್ಲೇ ಹೋದರೂ ಅರ್ಧ ಸೆಕೆಂಡ್ ಹತ್ತಿರ ಬೇಕು. ಸ್ಟಾರ್‌ಲಿಂಕ್‌ನಂಥ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಓಡಾಡುತ್ತವೆ. ಅದೇ ದಾರಿ ಇಲ್ಲಿ 2,200 ಕಿಲೋಮೀಟರ್, ಅಂದರೆ 7-8 ಮಿಲಿಸೆಕೆಂಡ್. ನೆಲದ ಮೇಲಿನ ಕೇಬಲ್, ಸರ್ವರ್ ಎಲ್ಲ ಸೇರಿ ಬಳಕೆಯಲ್ಲಿ ಸಾಮಾನ್ಯವಾಗಿ 25ರಿಂದ 60 ಮಿಲಿಸೆಕೆಂಡ್ ಆಗುತ್ತೆ.

ಪರದೆ ನೋಡಿ ಬೆರಳು ಒತ್ತೋಕೆ ಮನುಷ್ಯನಿಗೆ 200 ಮಿಲಿಸೆಕೆಂಡ್‌ಗಿಂತ ಹೆಚ್ಚು ಬೇಕು. ಹಾಗಾಗಿ 5 ಮಿಲಿಸೆಕೆಂಡ್‌ನ ಫೈಬರ್ ಇದ್ದರೂ 40ರ ಡಿಶ್ ಇದ್ದರೂ ಕೈಯಲ್ಲಿ ಟ್ರೇಡ್ ಮಾಡೋರಿಗೆ ವ್ಯತ್ಯಾಸ ಇಲ್ಲ. ಮಿಲಿಸೆಕೆಂಡ್ ಲೆಕ್ಕ ಬೇಕಾದ ದೊಡ್ಡ ಕಂಪನಿಗಳು ಎಕ್ಸ್‌ಚೇಂಜ್‌ನ ಜಾಗದಲ್ಲೇ ತಮ್ಮ ಸರ್ವರ್ ಇಟ್ಟಿವೆ. ಅವರ ಲೆಕ್ಕ ಮೈಕ್ರೊಸೆಕೆಂಡ್‌ನಲ್ಲಿ. ಬೆಂಗಳೂರಲ್ಲಿ ಕೂತವರೂ ಅವರ ಜೊತೆ ಓಡೋಕಾಗಲ್ಲ, ಹೊಸನಗರದಲ್ಲಿ ಕೂತವರೂ ಆಗಲ್ಲ.

ವೇಗಕ್ಕಿಂತ ತೊಂದರೆ ಕೊಡೋದು ಲೈನ್ ನಡುನಡುವೆ ಕಟ್ ಆಗೋದು.

ಅಡಿಕೆ ಮರ, ಮಳೆ, ಕರೆಂಟ್

ಈ ಉಪಗ್ರಹಗಳು ಆಕಾಶದಲ್ಲಿ ಚಲಿಸ್ತಾನೇ ಇರುತ್ತವೆ. ಡಿಶ್ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಾ ಹೋಗುತ್ತೆ. ಹಾಗಾಗಿ ಟಿವಿ ಡಿಶ್ ಥರ ಒಂದು ಸಂದಿ ಸಾಲದು, ತಲೆ ಮೇಲೆ ಸುಮಾರು 100 ಡಿಗ್ರಿಯಷ್ಟು ತೆರೆದ ಆಕಾಶ ಬೇಕು. ಉಪಗ್ರಹ ಮರದ ಹಿಂದೆ ಹೋದಾಗ ಕೆಲವು ಸೆಕೆಂಡ್ ಲೈನ್ ಹೋಗುತ್ತೆ. ಯೂಟ್ಯೂಬ್ ನೋಡೋರಿಗೆ ಇದು ಗೊತ್ತೇ ಆಗಲ್ಲ, ವಿಡಿಯೊ ಮೊದಲೇ ಲೋಡ್ ಆಗಿರುತ್ತೆ. ಟ್ರೇಡಿಂಗ್ ಆ್ಯಪ್‌ನಲ್ಲಿ ದರ ಅಲ್ಲೇ ನಿಂತುಬಿಡುತ್ತೆ. ನಿಂತಿದೆ ಅಂತ ಎಷ್ಟೋ ಸಲ ನಿಮಗೆ ತಿಳಿಯೋದೂ ಇಲ್ಲ, ಹಳೇ ದರ ನೋಡಿಕೊಂಡೇ ಆರ್ಡರ್ ಹಾಕ್ತೀರಿ.

ನಮ್ಮ ಮನೆಗಳು ಇರೋದೇ ತೋಟದ ಅಂಚಲ್ಲಿ. ಮರದ ಲೆಕ್ಕ ಸುಲಭ. ಡಿಶ್ ಇಡುವ ಮಟ್ಟಕ್ಕಿಂತ ಮರ ಎಷ್ಟು ಎತ್ತರ ಇದೆಯೋ ಅದರ ಒಂದೂಕಾಲು ಪಾಲಿನಷ್ಟು ದೂರ ಇರಬೇಕು. 15 ಅಡಿ ಎತ್ತರದ ಮಾಡಿನ ಮೇಲೆ ಡಿಶ್ ಇಟ್ಟರೆ, 45 ಅಡಿಯ ಅಡಿಕೆ ಮರ ಡಿಶ್‌ಗಿಂತ 30 ಅಡಿ ಎತ್ತರ. ಅದು 36-38 ಅಡಿ ದೂರದಲ್ಲಿದ್ದರೆ ತೊಂದರೆ ಇಲ್ಲ. ನಾಲ್ಕೂ ಕಡೆ ಹೀಗೆ ಇರಬೇಕು. ಮನೆ ಹಿಂದಿನ ಗುಡ್ಡವನ್ನೂ ಮರ ಅಂತಲೇ ಲೆಕ್ಕ ಹಿಡಿಯಿರಿ. ಫೋನ್ ಕ್ಯಾಮೆರಾದಿಂದ ಆಕಾಶ ಸ್ಕ್ಯಾನ್ ಮಾಡಿ ಎಲ್ಲಿ ಅಡ್ಡಿ ಇದೆ ಅಂತ ತೋರಿಸುವ ಸೌಲಭ್ಯ ಸ್ಟಾರ್‌ಲಿಂಕ್ ಆ್ಯಪ್‌ನಲ್ಲೇ ಇದೆ. ದುಡ್ಡು ಕಟ್ಟೋ ಮೊದಲು ಅದನ್ನು ಮಾಡಿ. ಅಡ್ಡ ಬಂತು ಅಂತ ಫಲ ಕೊಡೋ ಮರ ಕಡಿಯಬೇಡಿ, ಅಂಗಳದಲ್ಲಿ ಕಂಬ ನೆಟ್ಟು ಎತ್ತರಿಸಿ.

ಮಳೆಯ ವಿಷಯ. ಈ ಸಂಪರ್ಕ ಬಳಸುವ ತರಂಗಗಳು ಜೋರು ಮಳೆಯಲ್ಲಿ ಕುಗ್ಗುತ್ತವೆ. ಸೋನೆ ಮಳೆಗೆ ಏನೂ ಆಗಲ್ಲ. ದಟ್ಟ ಮೋಡ ಕವಿದು ರಪರಪ ಸುರಿಯುವಾಗ ವೇಗ ಇಳಿಯುತ್ತೆ, ಕೆಲವೊಮ್ಮೆ ನಿಂತೇಹೋಗುತ್ತೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಬರೋದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಷೇರುಪೇಟೆ ಮುಚ್ಚೋದು 3.30ಕ್ಕೆ. ಡೇ ಟ್ರೇಡಿಂಗ್‌ನಲ್ಲಿ ಅದಕ್ಕೂ ಮೊದಲೇ ಎಲ್ಲವನ್ನೂ ಮಾರಿ ಮುಗಿಸಬೇಕು. ನೀವು ಮುಗಿಸದಿದ್ದರೆ ಬ್ರೋಕರ್‌ನ ವ್ಯವಸ್ಥೆಯೇ ಸಿಕ್ಕ ದರಕ್ಕೆ ಮುಗಿಸುತ್ತೆ, ಅದಕ್ಕೆ ಬೇರೆ ಶುಲ್ಕವನ್ನೂ ಹಾಕುತ್ತೆ. ಇನ್ನು ಗುಡುಗು ಶುರುವಾದರೆ ಡಿಶ್‌ನ ವೈರ್ ಕಿತ್ತಿಡಬೇಕು. ಮಾಡಿನ ಮೇಲೆ ಲೋಹದ ಕಂಬ ನಿಲ್ಲಿಸುವವರು ಅರ್ಥಿಂಗ್ ಮಾಡಿಸಲೇಬೇಕು. ಇದು ಟ್ರೇಡಿಂಗ್‌ಗಿಂತ ದೊಡ್ಡ ವಿಷಯ.

ಕರೆಂಟ್ ಲೆಕ್ಕವನ್ನೂ ನೋಡಿ. ದೊಡ್ಡ ಡಿಶ್ ಸುಮಾರು 75ರಿಂದ 100 ವ್ಯಾಟ್ ಎಳೆಯುತ್ತೆ, ಚಿಕ್ಕದು 25ರಿಂದ 40. ದೊಡ್ಡದನ್ನು ಎಂಟು ಗಂಟೆ ಓಡಿಸಿದರೆ 600 ವ್ಯಾಟ್-ಅವರ್, ಲ್ಯಾಪ್‌ಟಾಪ್ ಸೇರಿದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್. ಮನೆಯ 150 ಎಎಚ್ ಇನ್ವರ್ಟರ್ ಬ್ಯಾಟರಿಯನ್ನು ಹಾಳಾಗದಂತೆ ಬಳಸಿದರೆ ಅದರ ಅರ್ಧ, ಅಂದರೆ 900 ವ್ಯಾಟ್-ಅವರ್ ಸಿಗುತ್ತೆ. ಮರ ಬಿದ್ದು ಲೈನ್ ಕಟ್ಟಾಗಿ ಮೂರು ದಿನ ಕರೆಂಟ್ ಇಲ್ಲದ ಜುಲೈನಲ್ಲಿ ಮೊದಲ ದಿನ ಸಂಜೆಗೇ ಮನೆಯಲ್ಲಿ ದೀಪ ಇರಲ್ಲ.

ಇಷ್ಟರ ಮೇಲೂ ಟ್ರೇಡ್ ಮಾಡ್ತೀನಿ ಅನ್ನೋರು ಒಂದನ್ನು ನೆನಪಿಡಿ. ಸ್ಟಾಪ್‌ಲಾಸ್ ಆರ್ಡರ್ ಹಾಕಿದ ಮೇಲೆ ಅದು ನಿಮ್ಮ ಫೋನ್‌ನಲ್ಲಿ ಇರೋದಿಲ್ಲ, ಎಕ್ಸ್‌ಚೇಂಜ್‌ನಲ್ಲಿ ಕೂತಿರುತ್ತೆ. ನಿಮ್ಮ ನೆಟ್ ಹೋದರೂ ದರ ಅಲ್ಲಿಗೆ ಬಂದಾಗ ಅದು ಕೆಲಸ ಶುರುಮಾಡುತ್ತೆ. ಆದ್ದರಿಂದ ಕೊಂಡ ಮರುಕ್ಷಣವೇ ಸ್ಟಾಪ್‌ಲಾಸ್ ಹಾಕಬೇಕು, "ಸ್ವಲ್ಪ ನೋಡಿ ಹಾಕೋಣ" ಅಂತ ಬಿಟ್ಟಾಗಲೇ ಡಿಶ್ ಕೈಕೊಡೋದು. ದರ ಒಮ್ಮೆಲೇ ಜಿಗಿದರೆ ಸ್ಟಾಪ್‌ಲಾಸ್ ಕೂಡ ನೀವು ಬರೆದ ದರಕ್ಕೆ ಸಿಗೋದಿಲ್ಲ ಅನ್ನೋದನ್ನೂ ಮರೆಯಬೇಡಿ. ಬ್ರೋಕರ್‌ಗೆ ಫೋನ್ ಮಾಡಿ ಆರ್ಡರ್ ಹಾಕುವ ಸೌಲಭ್ಯ ಇದೆ, ಆದರೆ ನಿಮ್ಮ ಮನೆಯಲ್ಲಿ ಫೋನ್ ಕೂಡ ಅದೇ ಡಿಶ್‌ನ ವೈಫೈ ಮೇಲೆ ನಡೆಯುತ್ತೆ ತಾನೆ?

ಈಗ ದುಡ್ಡಿನ ಲೆಕ್ಕ

ಒಂದು ಲಕ್ಷ ರೂಪಾಯಿ ಬಂಡವಾಳ ಇಟ್ಟುಕೊಳ್ಳೋಣ. ಒಂದು ಲಕ್ಷದ ಷೇರು ಬೆಳಿಗ್ಗೆ ಕೊಂಡು ಅದೇ ದಿನ ಮಾರಿದರೆ ಆಗುವ ಖರ್ಚು ನೋಡಿ. ಕಡಿಮೆ ದರದ ಬ್ರೋಕರ್ ಆದರೂ ಎರಡು ಆರ್ಡರ್‌ಗೆ ಇಪ್ಪತ್ತರಂತೆ 40 ರೂಪಾಯಿ. ಮಾರುವಾಗ ಶೇ. 0.025ರಂತೆ ಎಸ್‌ಟಿಟಿ 25 ರೂಪಾಯಿ. ಎಕ್ಸ್‌ಚೇಂಜ್ ಶುಲ್ಕ, ಸ್ಟ್ಯಾಂಪ್ ಡ್ಯೂಟಿ, ಬ್ರೋಕರೇಜ್ ಮೇಲೆ ಶೇ. 18 ಜಿಎಸ್‌ಟಿ ಎಲ್ಲ ಸೇರಿದರೆ ಹತ್ತಿರ ಹತ್ತಿರ 80 ರೂಪಾಯಿ. ಲಾಭ ಆದರೂ ಇಷ್ಟು, ನಷ್ಟ ಆದರೂ ಇಷ್ಟೇ.

ದಿನಕ್ಕೆ ನಾಲ್ಕು ಟ್ರೇಡ್, ತಿಂಗಳಿಗೆ 20 ದಿನ ಅಂದರೆ ತಿಂಗಳಿಗೆ 6,400, ವರ್ಷಕ್ಕೆ 76,800 ರೂಪಾಯಿ. ಇದಕ್ಕೆ ಇಂಟರ್ನೆಟ್ ಸೇರಿಸಿ. ಬರೀ ಲೆಕ್ಕಕ್ಕೆ ತಿಂಗಳಿಗೆ 3,000 ಅಂತ ಹಿಡಿದರೆ ವರ್ಷಕ್ಕೆ 36,000. ಎರಡೂ ಸೇರಿ 1,12,800. ಡಿಶ್‌ನ ಬೆಲೆ ಇನ್ನೂ ಸೇರಿಸಿಲ್ಲ. ಅಂದರೆ ಒಂದು ಲಕ್ಷ ಹಾಕಿದವರು ವರ್ಷದಲ್ಲಿ ಅದರ ಮೇಲೆ ಒಂದು ಲಕ್ಷದ ಹದಿಮೂರು ಸಾವಿರ ಗಳಿಸಿದರೆ ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನೋ ಜಾಗಕ್ಕೆ ಬರ್ತಾರೆ. ಯಾವ ಬೆಳೆಯಲ್ಲಿ ಹೀಗೆ ಖರ್ಚು ಬರುತ್ತೆ ಅಂದಿದ್ದರೆ ನೀವು ಅದನ್ನು ಹಾಕ್ತಿದ್ರಾ?

"ಬ್ರೋಕರ್ ಐದು ಪಟ್ಟು ಕೊಡ್ತಾರೆ" ಅಂತೀರಿ. ಹೌದು, ಷೇರಿನ ಡೇ ಟ್ರೇಡಿಂಗ್‌ಗೆ ಹೆಚ್ಚೆಂದರೆ ಐದು ಪಟ್ಟು ಸಿಗುತ್ತೆ. ಆಗ ದರ ಶೇ. 2 ಕೆಳಗೆ ಹೋದರೆ ನಿಮ್ಮ ಬಂಡವಾಳ ಶೇ. 10 ಹೋಯಿತು. ಬ್ರೋಕರೇಜ್ ಬಿಟ್ಟು ಉಳಿದ ತೆರಿಗೆ, ಶುಲ್ಕಗಳೂ ಆ ಐದು ಪಟ್ಟಿನ ಮೇಲೇ ಬೀಳುತ್ತವೆ.

ಇದು ನನ್ನೊಬ್ಬನ ಲೆಕ್ಕ ಅಂದುಕೊಳ್ಳಬೇಡಿ. 2024ರ ಜುಲೈನಲ್ಲಿ ಸೆಬಿ ಒಂದು ಅಧ್ಯಯನ ಪ್ರಕಟಿಸಿತು. 2022-23ರಲ್ಲಿ ಷೇರಿನ ಡೇ ಟ್ರೇಡಿಂಗ್ ಮಾಡಿದ ಹತ್ತು ಜನರಲ್ಲಿ ಏಳು ಜನರಿಗೆ ನಷ್ಟ. ವರ್ಷಕ್ಕೆ 500ಕ್ಕಿಂತ ಹೆಚ್ಚು ಟ್ರೇಡ್ ಮಾಡಿದವರಲ್ಲಿ ಶೇ. 80 ಜನರಿಗೆ ನಷ್ಟ. ಮೇಲಿನ ನಮ್ಮ ಲೆಕ್ಕದಲ್ಲಿ ವರ್ಷಕ್ಕೆ 960 ಟ್ರೇಡ್ ಆಗಿದ್ದವು. ಡೇ ಟ್ರೇಡ್ ಮಾಡೋರಲ್ಲಿ 30 ವರ್ಷದೊಳಗಿನವರ ಪಾಲು 2018-19ರಲ್ಲಿ ಶೇ. 18 ಇದ್ದದ್ದು ನಾಲ್ಕೇ ವರ್ಷದಲ್ಲಿ ಶೇ. 48 ಆಯಿತು, ಅವರಲ್ಲಿ ನಷ್ಟ ಮಾಡಿಕೊಂಡವರು ಶೇ. 76. ನಷ್ಟವಾದವರು ಆ ನಷ್ಟದ ಮೇಲೆ ಅದರ ಶೇ. 57ರಷ್ಟನ್ನು ಬರೀ ವಹಿವಾಟಿನ ಖರ್ಚಿಗೆ ಕಳೆದುಕೊಂಡಿದ್ದರು.

ಫ್ಯೂಚರ್ಸ್, ಆಪ್ಷನ್ಸ್ ಸ್ಥಿತಿ ಇನ್ನೂ ಕೆಟ್ಟದು. ಸೆಬಿಯ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಶೇ. 93 ಜನ ಕಳೆದುಕೊಂಡರು, ತಲಾ ಸರಾಸರಿ 2 ಲಕ್ಷ ರೂಪಾಯಿ. ಖರ್ಚೆಲ್ಲ ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಮಾಡಿದವರು ನೂರಕ್ಕೆ ಒಬ್ಬರು. 2024-25ರಲ್ಲೂ ಶೇ. 91 ಜನರಿಗೆ ನಷ್ಟ, ಒಟ್ಟು ಮೊತ್ತ ಒಂದು ಲಕ್ಷ ಕೋಟಿ ರೂಪಾಯಿ ದಾಟಿತು. ಹಾಗಾದರೆ ಗೆದ್ದವರು ಯಾರು? 2023-24ರಲ್ಲಿ ಸ್ವಂತ ಹಣದಿಂದ ಟ್ರೇಡ್ ಮಾಡುವ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ಲಾಭ ಮಾಡಿದರು. ಆ ಲಾಭದಲ್ಲಿ ಶೇ. 95ಕ್ಕೂ ಹೆಚ್ಚು ಬಂದದ್ದು ಕಂಪ್ಯೂಟರ್ ಪ್ರೋಗ್ರಾಂಗಳಿಂದ. ಡಿಶ್ ಹಾಕಿಸಿದಾಗ ನಿಮ್ಮ ಎದುರು ಕೂರೋದು ಅವೇ.

ನನಗೆ ನಿಜಕ್ಕೂ ಹೆದರಿಕೆ ಆಗೋದು ದುಡ್ಡು ಎಲ್ಲಿಂದ ಬರ್ತಿದೆ ಅನ್ನೋದನ್ನ ಕೇಳಿದಾಗ. ಸೊಸೈಟಿಯಲ್ಲಿ ನಮಗೆ 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆಸಾಲ ಇದೆ. "ಬಡ್ಡಿನೇ ಇಲ್ಲ, ಟ್ರೇಡಿಂಗ್‌ಗೆ ಹಾಕಿ ವರ್ಷಾಂತ್ಯಕ್ಕೆ ಕಟ್ಟಿಬಿಡೋಣ" ಅನ್ನೋ ಯೋಚನೆ ಕೇಳೋಕೆ ಜಾಣತನ ಅನ್ನಿಸುತ್ತೆ. ಆದರೆ ಆ ಶೂನ್ಯ ಬಡ್ಡಿ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವು ತಪ್ಪಿದರೆ ಬಡ್ಡಿ ಬೀಳುತ್ತೆ, ಮುಂದಿನ ವರ್ಷ ಗೊಬ್ಬರಕ್ಕೆ, ಕೊನೆಗಾರರ ಕೂಲಿಗೆ ಸಾಲ ಹುಟ್ಟಲ್ಲ. ಪಹಣಿ ಇರೋದು ಅಪ್ಪನ ಹೆಸರಲ್ಲಿ, ಸಾಲವೂ ಅವರ ಹೆಸರಲ್ಲೇ. ಅಮ್ಮನ ಬಂಗಾರ ಅಡವಿಟ್ಟು ಆಪ್ಷನ್ಸ್ ಆಡಿದವರ ಕಥೆ ನೀವೂ ಕೇಳಿರ್ತೀರಿ.

ತೆರಿಗೆಯ ವಿಷಯ ಚುಟುಕಾಗಿ ಹೇಳ್ತೀನಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಟ್ರೇಡಿಂಗ್ ಲಾಭ ಕೃಷಿ ಆದಾಯ ಅಲ್ಲ. ಷೇರಿನ ಡೇ ಟ್ರೇಡಿಂಗ್ ಅನ್ನು ಕಾನೂನು ಸಟ್ಟಾ ವ್ಯವಹಾರ ಅಂತ ಹಿಡಿಯುತ್ತೆ. ಅದರ ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯೋಕಾಗಲ್ಲ, ಅದೇ ಬಗೆಯ ಲಾಭದಲ್ಲಿ ಮಾತ್ರ ನಾಲ್ಕು ವರ್ಷದವರೆಗೆ ಕಳೆಯಬಹುದು. ಅದಕ್ಕೂ ಸಮಯಕ್ಕೆ ಸರಿಯಾಗಿ ರಿಟರ್ನ್ ಸಲ್ಲಿಸಿರಬೇಕು. ಆಡಿಟರ್ ಫೀಸನ್ನೂ ಖರ್ಚಿಗೆ ಬರೆದುಕೊಳ್ಳಿ.

9.15ರಿಂದ 3.30

ಪೇಟೆ ತೆರೆದಿರೋ ಈ ಆರು ಕಾಲು ಗಂಟೆ ತೋಟದ ಕೆಲಸದ ಹೊತ್ತೂ ಹೌದು. ಜೂನ್‌ನಲ್ಲಿ ಮಳೆ ಹಿಡಿಯೋ ಮೊದಲು ಕೊಳೆಗೆ ಶೇ. 1ರ ಬೋರ್ಡೋ ಹೊಡೆಸಬೇಕು, 40-45 ದಿನ ಬಿಟ್ಟು ಮತ್ತೆ ಹೊಡೆಸಬೇಕು. ಎರಡನೇ ಸಲಕ್ಕೆ ಮಳೆ ಬಿಡುವು ಕೊಡೋದು ಯಾವುದೋ ಎರಡು ದಿನ. ಆ ದಿನ ಕೊನೆಗಾರ ಸಿಕ್ಕಿದ್ದಾನೆ, ಸುಣ್ಣ ಮೈಲುತುತ್ತ ಕಲಸಬೇಕು, ಹದ ನೋಡಬೇಕು. ಅದೇ ಹೊತ್ತಿಗೆ ಪರದೆ ಮೇಲೆ ಒಂದು ಟ್ರೇಡ್ ತೆರೆದಿದ್ದರೆ ಮನಸ್ಸು ಎಲ್ಲಿರುತ್ತೆ? ದ್ರಾವಣವನ್ನು ಅಪ್ಪನ ಮೇಲೆ ಬಿಟ್ಟು ಒಳಗೆ ಕೂತ ಹುಡುಗರನ್ನು ನೋಡಿದ್ದೇನೆ. ಕೊಳೆ ಬಂದು ಕಾಯಿ ಉದುರಿದರೆ ಆಗುವ ನಷ್ಟ ಯಾವ ಆ್ಯಪ್‌ನಲ್ಲೂ ಕೆಂಪಗೆ ಕಾಣೋದಿಲ್ಲ.

ಟಿಪ್ಸ್ ಗುಂಪುಗಳ ಕಾಟವೂ ಇದೆ. ಟೆಲಿಗ್ರಾಂನಲ್ಲಿ "ಖಚಿತ ಲಾಭ" ಅನ್ನೋರು, ತಮ್ಮದೇ ಆ್ಯಪ್ ಇನ್‌ಸ್ಟಾಲ್ ಮಾಡಿಸಿ ಅದರಲ್ಲಿ ಸುಳ್ಳು ಲಾಭ ತೋರಿಸೋರು ಹಳ್ಳಿ ಹುಡುಗರನ್ನೇ ಹುಡುಕ್ತಿದ್ದಾರೆ. ಹಣ ಕಳಿಸೋ ಮೊದಲು ಸೆಬಿಯ 'ಸೆಬಿ ಚೆಕ್' ಸೌಲಭ್ಯದಲ್ಲಿ ಆ ಯುಪಿಐ ಐಡಿ ನಿಜವಾದ ಬ್ರೋಕರ್‌ನದ್ದಾ ಅಂತ ನೋಡಿ. ಮೋಸ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಯಲ್ಲಿ ದೂರು ಕೊಟ್ಟರೆ ಹಣ ತಡೆಹಿಡಿಯೋ ಸಾಧ್ಯತೆ ಹೆಚ್ಚು.

ಹಾಗಾದರೆ ಮನೆಗೆ ನೆಟ್ ಬೇಡವಾ?

ಬೇಕು. ಮಕ್ಕಳ ಓದಿಗೆ, ಹವಾಮಾನ ನೋಡೋಕೆ, ಸಾವಯವ ಉತ್ಪನ್ನದ ಆರ್ಡರ್ ಹಿಡಿಯೋಕೆ ಖಂಡಿತ ಬೇಕು. ಆದರೆ ಡಿಶ್‌ಗೆ ಮೊದಲು ಎರಡು ದಾರಿ ನೋಡಿ. ಪಂಚಾಯಿತಿಗೆ ಭಾರತ್‌ನೆಟ್ ಫೈಬರ್ ಬಂದಿದ್ದರೆ ಅಲ್ಲಿಂದ ನಿಮ್ಮ ಮನೆಗೆ ಬಿಎಸ್‌ಎನ್‌ಎಲ್ ಸಂಪರ್ಕ ಸಿಗುತ್ತಾ ಕೇಳಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಅರ್ಜಿ ಕೊಟ್ಟರೆ ಕೆಲಸ ಬೇಗ ಆಗಬಹುದು.

ಎರಡನೆಯದು ಆಂಟೆನಾ. ಮಾಡಿನ ಮೇಲೆ ಅಥವಾ ಹಿತ್ತಲ ದಿಬ್ಬದ ಮೇಲೆ ಒಂದು ಕಡ್ಡಿ ಸಿಗ್ನಲ್ ಬರ್ತಾ ಇದ್ದರೆ ಇದು ಸಾಕು. ಹೊರಗೆ ಆಂಟೆನಾ ಜೋಡಿಸಲು ತೂತಿರುವ 4ಜಿ ರೂಟರ್ ಮತ್ತು ಟವರ್ ಕಡೆ ತಿರುಗಿಸುವ ಯಾಗಿ ಆಂಟೆನಾ ತಗೊಳ್ಳಿ. ದೂರದರ್ಶನಕ್ಕಾಗಿ ಅಪ್ಪ ಮಾಡು ಹತ್ತಿ ತಿರುಗಿಸ್ತಿದ್ದರಲ್ಲ, ಅದೇ ಜಾತಿಯದ್ದು. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೋರುತ್ತೆ, ಹಾಗಾಗಿ ರೂಟರ್ ಅನ್ನು ಆಂಟೆನಾ ಹತ್ತಿರವೇ ಇಡಿ. ಎಲ್ಲ ಕಂಪನಿಯ ಸಿಮ್ ಹಾಕಿ ನೋಡಿ ಯಾವುದು ಹಿಡಿಯುತ್ತೆ ಅಂತ ಖಚಿತ ಮಾಡಿಕೊಂಡ ಮೇಲೆ ಕೊಳ್ಳಿ. ಕೆಲವು ಸಾವಿರದಲ್ಲಿ ಮುಗಿಯುತ್ತೆ. ಸಿಗ್ನಲ್ ಬೂಸ್ಟರ್ ಮಾತ್ರ ತರಬೇಡಿ. ಖಾಸಗಿಯವರು ಅನುಮತಿ ಇಲ್ಲದೆ ಅದನ್ನು ಹಾಕೋದು ಕಾನೂನುಬಾಹಿರ, ಊರಿನ ಉಳಿದವರ ಸಿಗ್ನಲ್ ಕೂಡ ಕೆಡುತ್ತೆ.

ಷೇರಿನಲ್ಲಿ ಹಣ ಹಾಕಲೇಬೇಕು ಅನ್ನೋರಿಗೆ ತಿಂಗಳಿಗೊಮ್ಮೆ ಎಸ್‌ಐಪಿ ಕಟ್ಟೋಕೆ ಪೇಟೆಗೆ ಹೋದಾಗ ಸಿಗೋ ನೆಟ್‌ವರ್ಕ್ ಸಾಕು. ಡೇ ಟ್ರೇಡಿಂಗೇ ಬೇಕು ಅನ್ನೋರು ಮೂರು ತಿಂಗಳು ಪುಸ್ತಕದಲ್ಲಿ ಬರೆದು ಆಡಿ. ಕೊಂಡ ದರ, ಮಾರಿದ ದರ, ಪ್ರತಿ ಟ್ರೇಡ್‌ಗೆ 80 ರೂಪಾಯಿ ಖರ್ಚು. ಕೊನೆಗೆ ಕೂಡಿಸಿ ನೋಡಿ.

ಅಂದ ಹಾಗೆ, ನೀವು ಈಗಾಗಲೇ ಒಂದು ಮಾರುಕಟ್ಟೆಯಲ್ಲಿ ದೊಡ್ಡ ಮೊತ್ತ ಇಟ್ಟುಕೊಂಡು ಕೂತಿದ್ದೀರಿ. ಉಗ್ರಾಣದಲ್ಲಿ 10 ಕ್ವಿಂಟಾಲ್ ರಾಶಿ ಅಡಿಕೆ ಇದ್ದರೆ, ಕ್ವಿಂಟಾಲ್‌ಗೆ 3,000 ರೂಪಾಯಿ ಏರಿಳಿತ ಅಂದರೆ 30,000 ರೂಪಾಯಿ. ಅದಕ್ಕೆ ಬ್ರೋಕರೇಜ್ ಇಲ್ಲ, ಮಧ್ಯಾಹ್ನ 3.30ರ ಗಡುವೂ ಇಲ್ಲ. 'ಕೃಷಿ ಮಾರಾಟ ವಾಹಿನಿ' ವೆಬ್‌ಸೈಟ್‌ನಲ್ಲಿ ಶಿವಮೊಗ್ಗ, ಸಾಗರ, ಶಿರಸಿ ಮಾರುಕಟ್ಟೆಯ ಕನಿಷ್ಠ, ಗರಿಷ್ಠ ದರ ಸಿಗುತ್ತೆ, ಅದನ್ನು ವಾರಕ್ಕೆರಡು ಸಲ ಬರೆದಿಡಿ. ಎರಡು ವರ್ಷದ ದರ ಕೈಯಲ್ಲಿದ್ದರೆ ಯಾವ ತಿಂಗಳು ಆವಕ ಹೆಚ್ಚಾಗಿ ದರ ಕುಗ್ಗುತ್ತೆ ಅಂತ ನಿಮಗೇ ಕಾಣುತ್ತೆ. ಆ ತಿಂಗಳಲ್ಲಿ ಖರ್ಚಿಗೆ ದುಡ್ಡು ಬೇಕಾದರೆ ಅಡಿಕೆ ಅಡಮಾನ ಇಟ್ಟುಕೊಂಡು ಸಾಲ ಕೊಡುವ ಸಹಕಾರ ಸಂಘಗಳಿವೆ. ತಿಂಗಳ ಬಡ್ಡಿ ಎಷ್ಟು, ಗೋದಾಮಿನ ಬಾಡಿಗೆ ಎಷ್ಟು, ತೂಕ ಎಷ್ಟು ಕಡಿಮೆಯಾಗುತ್ತೆ ಅನ್ನೋದನ್ನು ಕೇಳಿ ಬರೆದುಕೊಂಡು, ದರ ಅದಕ್ಕಿಂತ ಹೆಚ್ಚು ಏರಬಹುದಾ ಅಂತ ನೋಡಿ. ಏರೋದಿಲ್ಲ ಅನ್ನಿಸಿದರೆ ಅವತ್ತೇ ಮಾರಿ.